ಅರ್ಧಕ್ಕೆ ನಿಲ್ಲಿಸಿದ ಶಾಪ

ಪೆಟ್ಟು ತಿಂದವರು ನಮ್ಮ ಬೀದಿಯ ಯಹೂದಿ ಆಂಟಿ. ತಪ್ಪು ಮಾಡಿದವರು ನಮ್ಮ ದಸರಾ ಸಮಿತಿಯವರು. ಅಂದು ಚಪ್ಪಾಳೆ ಬಿದ್ದದ್ದು ಸಮಿತಿಗೇ.

ಕೋವಿಡ್ ತಗ್ಗಿ ಜನ ಮತ್ತೆ ಸೇರತೊಡಗಿದ್ದ ಕಾಲ. ಅಮೆರಿಕದ ನಮ್ಮ ಊರು ಏಪೆಕ್ಸ್‌ನ ಕನ್ನಡ ಕುಟುಂಬಗಳು ದಸರೆಗೆ ಕಮ್ಯುನಿಟಿ ಹಾಲಿನಲ್ಲಿ ಬೊಂಬೆ ಕೂರಿಸಿ, ನೆರೆಹೊರೆಯವರನ್ನು ಕರೆದು, ಸೌಹಾರ್ದಕ್ಕೆಂದು ಒಂದೊಂದು ಧರ್ಮದ ಗ್ರಂಥದಿಂದ ಒಂದಿಷ್ಟು ಓದಿಸುವುದು ವಾಡಿಕೆ. ಆ ಸಲದ ವಿಷಯ ನೆಲ ತೊರೆಯುವುದು. ವೀಸಾದ ಮೇಲೆ ಬದುಕುವ ನಮಗೆ ಅದು ಹತ್ತಿರದ ಮಾತು. ಆಂಟಿ ಹೀಬ್ರೂ ಪ್ರವಾದಿಯೊಬ್ಬನ ಅಧ್ಯಾಯವನ್ನು ಆರಿಸಿಕೊಟ್ಟರು. ಜನರು ವಿಗ್ರಹಗಳಿಗೆ ಬಾಗಿ ಬಡವರನ್ನು ತುಳಿದದ್ದು, ದೇವರು ಅವರನ್ನು ನಾಡಿನಿಂದ ಹೊರದೂಡಿದ್ದು, ಕೊನೆಗೆ ತಾನೇ ಮರುಗಿ ಮನೆಗೆ ಕರೆತರುವೆನೆಂದದ್ದು ಅದರಲ್ಲಿತ್ತು.

ಬೊಂಬೆಗಳ ಮುಂದೆ ನಿಂತು ವಿಗ್ರಹ ನಿಂದನೆಯೇ ಎಂದು ಸಮಿತಿ ಮೊದಲ ಭಾಗವನ್ನು ತೆಗೆಯಿತು. ಕೋಲಾಟಕ್ಕೆ ಹೊತ್ತಾಗುತ್ತದೆಂದು ಕೊನೆಯದನ್ನೂ ತೆಗೆಯಿತು. ಉಳಿದದ್ದು ಬರಿಯ ಶಿಕ್ಷೆ. ಆಂಟಿಗೆ ಒಂದು ಮಾತೂ ಹೇಳಲಿಲ್ಲ. ಕಂಚಿನ ಕಂಠದ ಸದಸ್ಯರೊಬ್ಬರು ಮೈಕ್ ಹಿಡಿದು, ಪೌರಾಣಿಕ ನಾಟಕದ ಮುನಿಯಂತೆ ಗುಡುಗಿದರು.

ಪಕ್ಕದಲ್ಲಿ ಕುಳಿತಿದ್ದ ಆಂಟಿ ನನ್ನತ್ತ ಬಾಗಿದರು. ತಮ್ಮ ಪ್ರಾರ್ಥನಾ ಮಂದಿರದಲ್ಲಿ ಶಾಪದ ಸಾಲುಗಳನ್ನು ದನಿ ತಗ್ಗಿಸಿ ಓದುತ್ತಾರೆ, ಅಲ್ಲಿಗೇ ನಿಲ್ಲಿಸದೆ ಸಾಂತ್ವನದ ಸಾಲನ್ನು ಮುಟ್ಟಿಯೇ ಮುಗಿಸುತ್ತಾರೆ ಎಂದು ನನ್ನ ಕಿವಿಯಲ್ಲಿ ಹೇಳಿದರು.

ಊಟದ ಸಾಲಿನಲ್ಲಿ ಒಬ್ಬರು, ಕೆಟ್ಟವರೇನಲ್ಲ, ಆಂಟಿಯನ್ನು ಕೇಳಿಯೇಬಿಟ್ಟರು: ಹಾಗಾದರೆ ನಿಮ್ಮವರು ನಾಡು ಕಳೆದುಕೊಂಡದ್ದು ತಕ್ಕ ಶಾಸ್ತಿಯೇ ಅಲ್ಲವೆ? ಆಂಟಿ ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಮತ್ತೆ ಯಾವ ಸಭೆಗೂ ಬರಲಿಲ್ಲ.

ಅಂದೇ ಪಾರ್ಕಿಂಗ್ ಲಾಟಿನಲ್ಲಿ ಸಮಿತಿಯ ಹಿರಿಯರನ್ನು ತಡೆದು ನಿಲ್ಲಿಸಿದೆ. “ಅಂಕಲ್, ಯಾಕೆ ಕಟ್ ಮಾಡಿದ್ರಿ?”

“ಅವರ ಬುಕ್ಕಲ್ಲೇ ಇರೋದಲ್ವೇನಮ್ಮಾ? ನಾವೊಂದಕ್ಷರ ಸೇರಿಸಿಲ್ಲ. ನಮ್ ಜನ ಹರ್ಟ್ ಆಗ್ತಾರೆ ಅಂತ ಸ್ವಲ್ಪ ಎಡಿಟ್ ಮಾಡಿದ್ವಿ, ಅಷ್ಟೇ.”

ಕಾರಿಗೆ ಪಾತ್ರೆ ತುಂಬುತ್ತಿದ್ದ ಮೈಸೂರಿನ ಮುಸ್ಲಿಂ ಗೆಳತಿ ತಿರುಗಿದಳು. “ಸರಿಹೋಯ್ತು ಅಂಕಲ್! ನಿಮ್ ಬೊಂಬೆಗೆ ನೆರಳು ಮಾಡೋಕೆ ಆಂಟಿ ಮನೆ ಹಂಚೇ ಕಿತ್ಬಿಟ್ರಿ.”

“ನೀನೂ ಶುರು ಮಾಡ್ಬೇಡ ತಾಯಿ. ನಿಮ್ಮಲ್ಲೂ ವಿಗ್ರಹ ಬೇಡ ಅಂತಾರಲ್ಲ.”

“ಅಂತಾರೆ. ಆದ್ರೂ ನಿಮ್ ಬೊಂಬೆಗೆ ಮೆಟ್ಟಿಲು ಜೋಡಿಸ್ದೋಳು ನಾನೇ ಅಲ್ವಾ? ಪೂರ್ತಿ ಓದಿದ್ರೆ ಯಾವ ಬೊಂಬೆನೂ ಒಡೆದು ಹೋಗ್ತಿರ್ಲಿಲ್ಲ, ಬಿಡಿ.”

ಪ್ರವಾದಿ ಗದರಿದ್ದು ತನ್ನವರನ್ನು, ಅವರ ನಡುವೆಯೇ ನಿಂತು. ಆ ಗದರಿಕೆಯನ್ನು ಹೊರಗಿನವರು ಕಸಿದುಕೊಂಡರೆ ಅದು ಅವಮಾನವಾಗುತ್ತದೆ. ನಮ್ಮ ಮನಸ್ಸು ನೋಯದಿರಲೆಂದು ಇನ್ನೊಬ್ಬರ ಗ್ರಂಥಕ್ಕೆ ಕತ್ತರಿ ಹಾಕಿದ್ದು ಅನ್ಯಾಯ. ಬಡವರನ್ನು ತುಳಿದವರ ಮೇಲಿನ ಆರೋಪವನ್ನು ಅಳಿಸಿ ಇಡೀ ಜನಾಂಗವನ್ನು ಕಟಕಟೆಗೆ ಹತ್ತಿಸಿದ್ದು ಅದಕ್ಕಿಂತ ದೊಡ್ಡ ಅನ್ಯಾಯ. ಅದನ್ನು ಸೌಹಾರ್ದವೆಂದು ಕರೆದದ್ದನ್ನು ನಾನು ಇಂದಿಗೂ ಸಹಿಸಲಾರೆ.

ಈಗ ಮತ್ತೆ ದಸರೆ ಹತ್ತಿರವಾಗಿದೆ. ಆಂಟಿಯನ್ನು ಕರೆದು ತರುವ ಕೆಲಸವನ್ನು ಸಮಿತಿ ನನಗೆ ವಹಿಸಿದೆ. ಅವರ ಮನೆಯ ಮುಂದೆ ಕಾರಿನ ವೇಗ ತಗ್ಗಿಸುತ್ತೇನೆ, ನಿಲ್ಲಿಸಲಾರದೆ ಮುಂದೆ ಹೋಗುತ್ತೇನೆ. ಯಾವ ಮುಖವಿಟ್ಟುಕೊಂಡು ಕರೆಯಲಿ?

ಸಮಿತಿಯ ಹಿರಿಯರೇ, ಮೊದಲು ನೀವು ಅವರ ಬಾಗಿಲಿಗೆ ಹೋಗಿ. ಏನನ್ನು ತೆಗೆದಿರಿ, ಯಾರಿಗಾಗಿ ತೆಗೆದಿರಿ ಎಂಬುದನ್ನು ಹೇಳಿ ಕ್ಷಮೆ ಕೇಳಿ. ಅವರು ಒಪ್ಪಿದರೆ, ಬೊಂಬೆಗಳ ಎದುರಿಗೇ, ಇಡೀ ಅಧ್ಯಾಯವನ್ನು ಅವರೇ ಓದಲಿ. ಒಪ್ಪದಿದ್ದರೆ ಆ ಓದಿನ ಹೊತ್ತನ್ನು ಖಾಲಿ ಬಿಡಿ. ಯಾಕೆಂದು ಸಭೆಗೆ ನೀವೇ ಹೇಳಿ.