ಅತ್ತೆಗೆ ಓದಿ ಹೇಳದ ಸಾಲು

ಇವತ್ತು ಕಾವೇರಿ ನೀರು ಬಿಟ್ಟಿದ್ದರು, ಡ್ರಮ್ಮು ತುಂಬಿಸಿದೆ. ಇಡ್ಲಿಗೆ ನೆನೆಹಾಕಿದೆ, ಯಜಮಾನರ ಅಂಗಿಗೆ ಗುಂಡಿ ಹೊಲಿದೆ, ಅತ್ತೆಯ ಕಾಲು ತೊಳೆದು ಬೆರಳ ಸಂದು ಒಣಗುವಂತೆ ಒರೆಸಿದೆ. ಆ ಕಾಲಿನಲ್ಲಿ ಹೆಬ್ಬೆರಳಿಲ್ಲ. ಅದು ಹೋದದ್ದು ನನ್ನಿಂದ.

ಅತ್ತೆಗೆ ಓದು ಬರುವುದಿಲ್ಲ. ವಿಮಾನಪುರದ ಈ ವಠಾರಕ್ಕೆ ನಾನು ಸೊಸೆಯಾಗಿ ಬಂದಾಗಿನಿಂದ, ಕರೆಂಟು ಬಿಲ್ಲಿರಲಿ, ಮದುವೆ ಕರೆಯೋಲೆಯಿರಲಿ, ನಾನು ಓದಿದ್ದೇ ಅವರಿಗೆ ಓದು. ಆಮೇಲೆ ನನ್ನ ಕೈಗೆ ಸ್ಮಾರ್ಟ್ ಫೋನ್ ಬಂತು. ಒಂದು ಮಧ್ಯಾಹ್ನ ಹುರುಳಿಕಾಯಿ ಬಿಡಿಸುತ್ತ ಅದರಲ್ಲಿ ಬಂದದ್ದನ್ನು ಓದಿ ಹೇಳಿದೆ— ಈ ಪುಡಿಯೊಂದಿದ್ದರೆ ಸಾಕು, ಸಕ್ಕರೆ ಕಾಯಿಲೆಗೆ ಮಾತ್ರೆಯೇ ಬೇಡವಂತೆ ಎಂದು. ಓದಿದವಳಿಗೆ ಕಾಣಿಸಿತ್ತು: ಬರೆದವರ ಹೆಸರಿರಲಿಲ್ಲ, ಪುಡಿ ಮಾರುವವರದೇ ಪುಟ ಅದು. ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ— ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು. ಅದನ್ನು ಓದಲಿಲ್ಲ.

ಮರೆತೆನೇ? ಇಲ್ಲ. ತಿಂಗಳು ತಿಂಗಳೂ ಅವರನ್ನು ಶಿವಾಜಿನಗರದ ಬಸ್ಸಿಗೆ ಹತ್ತಿಸಿ, ಆಸ್ಪತ್ರೆಯ ಕ್ಯೂನಲ್ಲಿ ನಿಂತು... ಸಾಕಾಗಿತ್ತು. ಮಾತ್ರೆ ನಿಂತರೆ ಈ ಓಡಾಟವೂ ನಿಲ್ಲುತ್ತದಲ್ಲ ಎಂದು—

ಅತ್ತೆ ಮಾತ್ರೆ ಬಿಟ್ಟು ಪುಡಿ ಹಿಡಿದರು. ಬೆರಳು ಕಪ್ಪಾದಾಗ ಡಾಕ್ಟರು ರೇಗಿದರು. “ಮಾತ್ರೆ ಯಾರು ನಿಲ್ಸಿದ್ದು?”

“ನಾನೇ ಡಾಕ್ಟ್ರೇ. ಪಾಪ, ನಮ್ ಸೊಸೆ ನಿಲ್ಲಿಸ್ಬೇಡಿ ಅಂತಾನೇ ಇದ್ಲು,” ಎಂದರು ಅತ್ತೆ.

ನಾನೂ ಆ ಪುಟ ನಂಬಿ ಮೋಸಹೋದೆ ಎಂದೇ ಅವರು ತಿಳಿದಿದ್ದರು. ನನ್ನ ಮಾನ ಉಳಿಸಲು ಸುಳ್ಳಾಡಿದರು. ನಾನು ಹೌದೆಂಬಂತೆ ತಲೆಯಾಡಿಸಿದೆ. ಇಷ್ಟು ವರ್ಷ ಆ ಸುಳ್ಳಿನೊಳಗೇ ಇದ್ದೇನೆ. ಸೊಸೆ ಮಗುವಿನ ಹಾಗೆ ನೋಡಿಕೊಳ್ಳುತ್ತಾಳೆ ಎಂದು ವಠಾರಕ್ಕೆಲ್ಲ ಹೇಳುತ್ತಾರೆ. ಅವರು ಹೊಗಳಿದಷ್ಟೂ ನನಗೆ ಬಾಯಿ ಬಿಡುವುದು ಕಷ್ಟವಾಗುತ್ತ ಹೋಯಿತು. ಹೇಳದೆ ಇರೋಣವೆಂದರೆ— ದಿನಾ ಆ ಕಾಲು ತೊಳೆಯಬೇಕಲ್ಲ.

ಸಂಜೆ ಪಕ್ಕದ ಮನೆಯ ಸೆಲ್ವಿ ಫೋನ್ ಹಿಡಿದು ಬಂದಳು. “ಅಕ್ಕಾ, ಮಂಡಿನೋವ್ಗೆ ಯಾವ್ದೋ ಎಣ್ಣೆಯಂತೆ. ನಿಜಾನಾ ಬುರುಡೆನಾ ನೋಡಿ. ನಮ್ಮನೆಯವ್ರು ಇದ್ನ ನೋಡ್ನೋಡಿ ಡಾಕ್ಟ್ರೇ ಆಗ್ಬಿಟ್ಟವ್ರೆ!”

ಅತ್ತೆ ನಕ್ಕರು. ನಾನು ಕೊನೆಯವರೆಗೂ ಓದಿದೆ— ಎಣ್ಣೆ ಮಾರುವವರು ಯಾರು, ಕೆಳಗೆ ಸಣ್ಣದಾಗಿ ಏನು ಬರೆದಿದೆ, ಎಲ್ಲವನ್ನೂ, ಗಟ್ಟಿಯಾಗಿ. “ಬುರುಡೆನೇ ಬಿಡಿ,” ಎಂದು ಸೆಲ್ವಿ ಹೋದಳು.

ಅತ್ತೆಯ ನಗು ನಿಂತಿತ್ತು. “ಎಲ್ಲಾದ್ರ ಕೆಳ್ಗೂ ಹಿಂಗೇ ಬರ್ದಿರ್ತಾರೇನಮ್ಮ?”

“ಅವತ್ತು ನಾನು ಓದಿದ್ರ ಕೆಳ್ಗೂ ಇತ್ತು, ಅತ್ತೆ. ನೋಡ್ದೆ. ಬೇಕಂತ್ಲೇ ಬಿಟ್ಟೆ. ಆಸ್ಪತ್ರೆಗೆ ಓಡಾಡಿ ಸಾಕಾಗಿತ್ತು.”

ಅವರು ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

ರಾತ್ರಿ ಮುದ್ದೆ, ದಂಟಿನ ಸೊಪ್ಪಿನ ಸಾರು. ಅತ್ತೆ ಅರ್ಧಕ್ಕೇ ಕೈ ತೊಳೆದು, ಡಾಕ್ಟರ ಚೀಟಿಯನ್ನು ಮಗನ ಮುಂದೆ ಹಿಡಿದರು. “ನೀನ್ ಓದಪ್ಪ.” ಯಾಕೆಂದು ತಿಳಿಯದೆ ಯಜಮಾನರು ನನ್ನ ಮುಖ ನೋಡಿದರು, ಆಮೇಲೆ ಓದಿದರು. ಮೊದಲು ನಿದ್ದೆ ಹೋದದ್ದೂ ಅವರೇ. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದಾರೆ. ಉಸಿರು ಕೇಳಿದರೇ ಗೊತ್ತಾಗುತ್ತದೆ— ನಿದ್ದೆ ಬಂದಿಲ್ಲ.