ಎಲ್ಲರ ಕಣ್ಣೂ ನಾರ್ಮಲ್

ಇಡೀ ಶಾಲೆಯಲ್ಲಿ ಒಂದು ಮಗುವಿಗೂ ಕಣ್ಣಿನ ದೋಷವಿಲ್ಲ ಅಂದರೆ ನೀವು ನಂಬುತ್ತೀರಾ? ನಾನು ನಂಬಿದೆ. ನಂಬಿ ಸಹಿಯನ್ನೂ ಹಾಕಿದೆ. (ಬಿಸಿಲಿತ್ತು, ಹಸಿವಾಗಿತ್ತು. ನೆಪಗಳಿಗೇನು ಬರ?)

ರಾಯಚೂರಿನಲ್ಲಿ ನರ್ಸಿಂಗ್ ಪಾಠ ಹೇಳುವುದು ನನ್ನ ಕೆಲಸ. ಕಳೆದ ವಾರ ವಿದ್ಯಾರ್ಥಿನಿಯರನ್ನು ದೇವದುರ್ಗದ ಕಡೆಯ ಹಳ್ಳಿ ಶಾಲೆಯೊಂದಕ್ಕೆ ಕರೆದೊಯ್ದಿದ್ದೆ, ಮಕ್ಕಳ ಆರೋಗ್ಯ ತಪಾಸಣೆಗೆ. ಗೋಡೆಗೆ ಅಕ್ಷರಗಳ ಚಾರ್ಟ್ ಹಚ್ಚಿದೆವು. ಮಕ್ಕಳು ಸಾಲಾಗಿ ಬಂದು, ಒಂದೊಂದೇ ಕಣ್ಣು ಮುಚ್ಚಿ, ಪಟಪಟ ಓದಿದರು. ಎಷ್ಟು ಚುರುಕು ಮಕ್ಕಳಪ್ಪ ಎಂದು ಖುಷಿಪಟ್ಟೆ.

ಊಟದ ಹೊತ್ತಿಗೆ ನನ್ನ ವಿದ್ಯಾರ್ಥಿನಿ, ಮಾನ್ವಿಯ ಶಬಾನಾ ಓಡಿಬಂದಳು. "ಮೇಡಂ, ಐದನೇ ಕ್ಲಾಸಿನ ಮಲ್ಲಮ್ಮ ತನ್ನ ಚಪ್ಪಲಿ ಕೈಲೆ ಸವರಿ ಹುಡುಕಾಕತ್ತಾಳ್ರೀ."

ತಟ್ಟೆ ಅಲ್ಲೇ ಬಿಟ್ಟು ಎದ್ದೆ.

ಮಲ್ಲಮ್ಮನನ್ನು ಮತ್ತೆ ನಿಲ್ಲಿಸಿದೆವು. ಶಬಾನಾ ಸದ್ದಿಲ್ಲದೆ ಚಾರ್ಟನ್ನೇ ತೆಗೆದುಬಿಟ್ಟಳು. "ಓದವ್ವಾ" ಎಂದೆ. ಹುಡುಗಿ ಬರೀ ಗೋಡೆ ನೋಡುತ್ತಾ ಒಂದಕ್ಷರ ತಪ್ಪದೆ ಹೇಳಿದಳು.

ಸಾಲಿನಲ್ಲಿ ನಿಂತು, ಮುಂದಿನವರು ಓದುವುದನ್ನು ಕೇಳಿಯೇ ಎಲ್ಲ ಬಾಯಿಪಾಠ, ಮಗ್ಗಿ ಕಲಿತ ಹಾಗೆ. ಪರೀಕ್ಷೆ ಅಂದಮೇಲೆ ಪಾಸಾಗಲೇಬೇಕು ಎಂದು ಕಲಿಸಿದವರು ನಾವೇ ತಾನೆ?

"ಯಾಕ ಹಿಂಗ ಮಾಡಿದಿ?" ಶಬಾನಾ ಕೇಳಿದಳು.

"ಕಾಣಂಗಿಲ್ಲ ಅಂದ್ರ ಸಾಲಿ ಬಿಡಸ್ತಾರ್ರೀ ಅಕ್ಕಾ. ಕಣ್ಣ ಕಾಣಲಾರದಾಕಿಗೆ ಓದು ಯಾಕ ಅಂತ ನಮ್ಮಕ್ಕನ್ನ ಬಿಡಸ್ಯಾರ."

ನನಗೆ ನಿಜವಾಗಿ ಭಯ ಹತ್ತಿದ್ದು ಆಗ. ಕಣ್ಣು ಆಸ್ಪತ್ರೆಗೆ ತೋರಿಸಿ ಎಂದು ಚೀಟಿ ಬರೆದು ಮನೆಗೆ ಕಳಿಸಿದರೆ ಇವಳನ್ನೂ ಬಿಡಿಸುತ್ತಾರೆ. ಬರೆಯದಿದ್ದರೆ? ಕನ್ನಡಕದಿಂದ ಸರಿಹೋಗುವ ಕಣ್ಣೋ ಏನೋ. ಚಾರ್ಟ್ ಎಷ್ಟು ದೂರ ಇರಬೇಕು ಎಂದು ನಾನು ಕಲಿಸಿದ್ದೇನೆ, ಸಾಲನ್ನು ಹೊರಗೆ ನಿಲ್ಲಿಸಿ ಎಂದು ಕಲಿಸಿಲ್ಲ. ಮಗುವಿನ ಅಪ್ಪನ ಮುಂದೆ ಕೂತು ಹೇಗೆ ಮಾತಾಡಬೇಕು ಎನ್ನುವುದಂತೂ ನನ್ನ ಪಾಠದಲ್ಲೇ ಇಲ್ಲ.

"ಚೀಟಿ ಬ್ಯಾಡ್ರೀ ಮೇಡಂ, ನಾವ ಹೋಗಿ ಮಾತಾಡೋಣು" ಎಂದಳು ಶಬಾನಾ. ಮಿಕ್ಕ ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಮತ್ತೆ ನೋಡಿದೆವು. ಇನ್ನೂ ಮೂವರು ಸಿಕ್ಕರು. ಸಂಜೆ ಮಲ್ಲಮ್ಮನ ಮನೆಗೆ ಹೋದರೆ ಅಪ್ಪ ಕುರಿಗಳ ಜೊತೆ ಎಲ್ಲೋ ದೂರ ಇದ್ದ. "ಅವ್ರು ಬರ್ಲಿ, ಆಸ್ಪತ್ರಿಗೆ ಕಳಸಂದ್ರ ಫೋನ್ ಮಾಡ್ತೀನ್ರೀ" ಎಂದಳು ತಾಯಿ.

ಐದು ದಿನವಾಯಿತು. ಮೊಬೈಲ್ ರಿಂಗಾದಾಗಲೆಲ್ಲ ಬೆಚ್ಚಿಬೀಳುತ್ತೇನೆ. ಬರೀ ಬ್ಯಾಂಕಿನವರು, ಲೋನ್ ಬೇಕಾ ಎಂದು.

ನಿನ್ನೆ ಹಳೆಯ ಫೈಲು ತೆಗೆದೆ. ಊರೂರಿನ ಹಾಳೆಗಳಲ್ಲಿ ಸಾಲುಸಾಲು 'ನಾರ್ಮಲ್', ಕೆಳಗೆ ನನ್ನದೇ ಸಹಿ. ಅವರಲ್ಲಿ ಎಷ್ಟು ಮಕ್ಕಳು ನನಗೆ ಬರೀ ಗೋಡೆ ಓದಿ ತೋರಿಸಿದ್ದರೋ?