ಆಯುಧಪೂಜೆಗೆ ಕೂತ ಸರ್ವರ್‌ಗಳು

2005ರಲ್ಲಿ ನಾನು ಹಾಸನದಲ್ಲಿ, ಡೇರಿಗಳ ಹಾಲು ತಂಪು ಮಾಡುವ ಯಂತ್ರಗಳನ್ನು ರಿಪೇರಿ ಮಾಡುವ ಖಾಸಗಿ ಕಂಪನಿಯೊಂದರಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ನಮ್ಮ ಸರ್ವಿಸ್ ಸೆಂಟರ್‌ಗಳಿದ್ದವು. ಮೆಕ್ಯಾನಿಕ್‌ಗಳಿಗೆ ಕೊಟ್ಟಿದ್ದ ಇಂಗ್ಲಿಷ್ ಕೈಪಿಡಿ ಟೂಲ್ ಬಾಕ್ಸಿನ ತಳದಲ್ಲಿ ಗ್ರೀಸ್ ಮೆತ್ತಿಕೊಂಡು ಬಿದ್ದಿರುತ್ತಿತ್ತು. ಅದನ್ನೆಲ್ಲ ಕನ್ನಡದಲ್ಲಿ ಬರೆದು ಡಾಕ್ಯುಮೆಂಟೇಶನ್ ಸೈಟ್ ಮಾಡುತ್ತೇನೆ, ಹಾಸನದಿಂದಲೇ ನಡೆಸುತ್ತೇನೆ ಎಂದೆ. ಬೆಂಗಳೂರಿನ ಮ್ಯಾನೇಜರ್ ಫೋನಿನಲ್ಲೇ ನಕ್ಕರು.

"ಹಾಸನದಲ್ಲಿ ವೆಬ್ ಸರ್ವರಾ? ಮೊದಲು ಕರೆಂಟ್ ಇರುತ್ತೇನ್ರೀ ಅಲ್ಲಿ?"

ನನಗೆ ಮೈಯೆಲ್ಲ ಉರಿಯಿತು. ಮಾಡಿಯೇ ತೋರಿಸುತ್ತೇನೆ ಎಂದು ಹಟ ಹಿಡಿದೆ.

ಕೇಳಿದವರಿಗೆ ಪುಟ ತೆಗೆದುಕೊಡುವ ಕಂಪ್ಯೂಟರೇ ವೆಬ್ ಸರ್ವರ್. ಮೂಲೆ ಸೇರಿದ್ದ ಎರಡು ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿದೆ. ಒಂದು ಕೆಟ್ಟರೆ ಇನ್ನೊಂದು ಆ ಕೆಲಸ ಮುಂದುವರಿಸಬೇಕು. ಕರೆಂಟ್ ಹೋದರೆ ಯುಪಿಎಸ್. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಆಗ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ; ಅದಕ್ಕೆ ಪುಟಗಳನ್ನೇ ಚಿತ್ರ ಮಾಡಿ ಏರಿಸಿದೆ. ಮೆಕ್ಯಾನಿಕ್‌ಗಳು ಫೋನ್ ಮಾಡಿ ತಪ್ಪು ತೋರಿಸಿದರೆ ಅವತ್ತೇ ತಿದ್ದುತ್ತಿದ್ದೆ. ಏನೇ ಆದರೂ ನನ್ನ ಸೈಟ್ ನಿಲ್ಲದು ಎಂದು ಬೀಗುತ್ತಿದ್ದೆ.

ನಿಂತಿತು. ಅದೂ ಆಯುಧಪೂಜೆಯ ದಿನ.

ಬೆಳಿಗ್ಗೆ ಅರಕಲಗೂಡಿನ ಮೆಕ್ಯಾನಿಕ್ ನಂಜುಂಡನ ಫೋನ್ ಬಂತು. "ಮೇಡಂ, ಡೇರಿ ಮಿಷಿನ್ ನಿಂತೋಗದೆ. ಪೂಜೆಗಿಕ್ಕಿದ್ ಕಂಪ್ಯೂಟ್ರೇ ತಗ್ದು ನೋಡ್ತಾ ಇವ್ನಿ, ಪೇಜೇ ಬತ್ತಿಲ್ಲ. ಊರೋರ ಆಲೆಲ್ಲಾ ಒಡ್ದೋಯ್ತದೆ!"

ಆ ಮಾಡೆಲ್‌ನ ವೈರಿಂಗ್ ಬಾಯಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಚಿತ್ರ ನೋಡಲೇಬೇಕು. ಆಟೋ ಹಿಡಿದು ಆಫೀಸಿಗೆ ಓಡಿದೆ. ಸ್ಟೋರ್ ಕೀಪರ್ ರಾಮಸ್ವಾಮಿಗಳು ಪೂಜೆ ಮುಗಿಸಿ ಬೀಗ ಹಾಕುತ್ತಿದ್ದರು. ಹೊಳೆನರಸೀಪುರದ ಅರ್ಚಕರ ಮನೆತನದವರು. ಆಫೀಸಿನ ಪೂಜೆ ವರ್ಷವರ್ಷವೂ ಅವರದೇ. ಒಳಗೆ ನನ್ನ ಎರಡೂ ಸರ್ವರ್‌ಗಳು ಸ್ವಿಚ್ ಆಫ್ ಆಗಿ, ಅರಿಶಿನ-ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ಮದುಮಕ್ಕಳ ಹಾಗೆ ಕೂತಿದ್ದವು!

"ಪೂಜೆಗೆ ಕೂರಿಸಿದ ಮೇಲೆ ನಾಳೆವರೆಗೂ ಮುಟ್ಟೋ ಹಾಗಿಲ್ಲಮ್ಮ," ಎಂದರು. "ವರ್ಷವೆಲ್ಲ ದುಡಿಯುತ್ತೆ. ಒಂದು ದಿನ ವಿಶ್ರಾಂತಿ ಬೇಡವೇ?"

ಕೂಗಾಡಬೇಕೆನಿಸಿತು. ಆದರೆ ಹೊತ್ತಿರಲಿಲ್ಲ. "ಸ್ವಾಮಿ, ನಿಮ್ಮ ಗರ್ಭಗುಡಿಯ ನಂದಾದೀಪಕ್ಕೂ ಇವತ್ತು ವಿಶ್ರಾಂತಿ ಕೊಟ್ಟಿದ್ದೀರಾ? ಇದನ್ನು ನಂಬಿಕೊಂಡು ಅಲ್ಲಿ ಒಂದೂರಿನ ಹಾಲು ಕೂತಿದೆ."

ಅವರು ನನ್ನನ್ನೇ ನೋಡಿದರು. ಮತ್ತೆ ಬೀಗ ತೆಗೆದು, ಹಾರ ಪಕ್ಕಕ್ಕೆ ಸರಿಸಿ, ತಾವೇ ಸ್ವಿಚ್ ಒತ್ತಿದರು. ಸ್ವಲ್ಪ ಹೊತ್ತಿಗೆ ನಂಜುಂಡ ಫೋನಿನಲ್ಲೇ ಕೂಗಿದ: "ಬಂತು ಮೇಡಂ!" ಚಿತ್ರ ನೋಡಿಕೊಂಡು ಕೆಟ್ಟಿದ್ದ ರಿಲೇ ಸ್ವಿಚ್ ಬದಲಿಸಿದ, ಹಾಲು ಉಳಿಯಿತು.

ಸುದ್ದಿ ಬೆಂಗಳೂರಿಗೂ ಮುಟ್ಟಿತು. 'ಸರ್ವರ್‌ಗಳನ್ನು ಇಲ್ಲಿಗೆ ಕಳಿಸಿ, ಸ್ಟೋರ್ ಕೀಪರ್‌ಗೆ ಮೆಮೊ ಕೊಡಿ' ಎಂದು ಆದೇಶ ಬಂತು. ಅಲ್ಲಿಗೆ ಹೋದರೆ ನಂಜುಂಡನಂಥವರ ತಿದ್ದುಪಡಿಯನ್ನು ಕೇಳುವವರು ಯಾರು? ನಾನು ಹೀಗೆ ಬರೆದೆ: 'ಆ ಪೆಟ್ಟಿಗೆ ಏನು ಮಾಡುತ್ತದೆಂದು ಅವರಿಗೆ ಹೇಳದಿದ್ದುದು ನನ್ನ ತಪ್ಪು. ಮೆಮೊ ನನಗೆ ಕೊಡಿ. ಸರ್ವರ್ ಕಳಿಸುವುದಿಲ್ಲ.' ಮೆಮೊ ಬಂತು. ಸರ್ವರ್ ಹೋಗಲಿಲ್ಲ.

ಕರೆಂಟು, ಡಿಸ್ಕು, ಕೇಬಲ್ಲು ಎಲ್ಲಕ್ಕೂ ಕಾವಲು ಹಾಕಿದ್ದೆ; ಕೋಣೆಯ ಬೀಗದ ಕೈ ಇದ್ದವರ ಹತ್ತಿರ ಕೂತು ಎರಡು ಮಾತಾಡಿರಲಿಲ್ಲ. ಕೆಲಸ ಕಲಿಸಿದ ಪಾಠ ಅದು. ಹಾಸನದಲ್ಲಿ ಸರ್ವರ್ ನಡೆಯದು ಎಂಬ ಪಾಠವನ್ನು ಮಾತ್ರ ನಾನು ಕೊನೆಗೂ ಕಲಿಯಲಿಲ್ಲ.

ಮರುವರ್ಷ ಆಯುಧಪೂಜೆಯ ಬೆಳಿಗ್ಗೆ ರಾಮಸ್ವಾಮಿಗಳೇ ಫೋನ್ ಮಾಡಿದರು. "ಹಾರ ಹಾಕಿದ್ದೀನಮ್ಮ, ಫ್ಯಾನಿಗೆ ತಾಗದ ಹಾಗೆ. ದೀಪ ಉರೀತಾ ಇದೆ."